ಒಮ್ಮೆ ಶಸ್ತ್ರಚಿಕಿತ್ಸೆಯಾದ ಮೂಗನ್ನು ಮತ್ತೆ ಸರಿಪಡಿಸುವುದು ಯಾವಾಗ, ಹೇಗೆ?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು 31. ಚಿಕ್ಕಂದಿನಲ್ಲಿ ಬಿದ್ದು ಮೂಗಿನ ಒಳಗೋಡೆ ಸೊಟ್ಟಗಾಗಿತ್ತು, ಮೂಗಿನ ಮೇಲೆ ಒಂದು ಉಬ್ಬೂ ಇತ್ತು. ಎಂಟು ತಿಂಗಳ ಹಿಂದೆ ದೂರದ ನಗರದ ಆಸ್ಪತ್ರೆಯೊಂದರಲ್ಲಿ ಎರಡನ್ನೂ ಒಟ್ಟಿಗೆ ಸರಿಪಡಿಸಿದರು. ಮೊದಲ ಎರಡು ತಿಂಗಳು ಎಲ್ಲವೂ ಚೆನ್ನಾಗಿತ್ತು. ಆಮೇಲೆ ಮೂಗಿನ ನಡುಭಾಗ ನಿಧಾನವಾಗಿ ತಗ್ಗಾಗುತ್ತ ಬಂತು, ತುದಿ ಮೇಲಕ್ಕೆ ಎದ್ದಂತೆ ಕಾಣುತ್ತದೆ, ಫೋಟೋ ತೆಗೆದರೆ ಮೂಗಿನ ಎರಡೂ ಪಕ್ಕ ನೆರಳು ಬೀಳುತ್ತದೆ. ಜೋರಾಗಿ ಉಸಿರೆಳೆದರೆ ಬಲಗಡೆಯ ಹೊಳ್ಳೆ ಮುಚ್ಚಿಕೊಳ್ಳುತ್ತದೆ, ಹಕ್ಕಳೆ ಕಟ್ಟುತ್ತದೆ, ರಾತ್ರಿ ಸಣ್ಣ ಸೀಟಿಯಂಥ ಸದ್ದು ಬರುತ್ತದೆ. ಒಬ್ಬ ವೈದ್ಯರು ಸೂಜಿಯಿಂದ ಫಿಲ್ಲರ್ ಎಂಬ ಜೆಲ್ ತುಂಬಿಸಿದರೆ ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ ಎಂದರು, ಇನ್ನೊಬ್ಬರು ಪಕ್ಕೆಲುಬಿನಿಂದ ತುಂಡು ತೆಗೆದು ಕೂರಿಸಬೇಕು ಎಂದರು. ಮನೆಯಲ್ಲಿ ಮದುವೆಯ ಮಾತುಕತೆ ನಡೆದಿರುವುದರಿಂದ ಬೇಗ ಮಾಡಿಸು ಎಂಬ ಒತ್ತಾಯವಿದೆ. ಮತ್ತೆ ಮಾಡಿಸಿಕೊಂಡು ಇರುವುದೂ ಕೆಟ್ಟರೆ ಎಂಬ ಭಯ ನನಗೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನೂ ಅದರ ಜೊತೆಗಿದ್ದ ಮೂರು ಫೋಟೋಗಳನ್ನೂ ನಿಧಾನವಾಗಿ ನೋಡಿದ್ದೇನೆ. ಕೈಯಿಂದ ಮುಟ್ಟಿ, ಒಳಗೆ ಎಂಡೋಸ್ಕೋಪ್ ಎಂಬ ತೆಳುವಾದ ದರ್ಶಕ ಹಾಕಿ ನೋಡದೆ ಯಾವ ವೈದ್ಯನೂ ಕೊನೆಯ ಮಾತು ಹೇಳಬಾರದು. ಆದರೂ ನೀವು ಬರೆದಿರುವ ಲಕ್ಷಣಗಳು ಬಹಳ ಸ್ಪಷ್ಟವಾಗಿರುವುದರಿಂದ ಕೆಲವು ಮಾತುಗಳನ್ನು ಧೈರ್ಯವಾಗಿಯೇ ಹೇಳಬಲ್ಲೆ. ಆಕಾರ ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ಈಗ ಮಾಡಿಸಬೇಡಿ. ಮೊದಲ ಶಸ್ತ್ರಚಿಕಿತ್ಸೆಯಾಗಿ ಕನಿಷ್ಠ ಒಂದು ವರ್ಷ ಕಳೆಯಲಿ. ಫಿಲ್ಲರ್ ಅಂತೂ ಬೇಡವೇ ಬೇಡ. ಆದರೆ ಮೂಗಿನ ಒಳಗಿನ ಪರೀಕ್ಷೆಯನ್ನು ಮಾತ್ರ ತಡ ಮಾಡದೆ ಈ ವಾರವೇ ಮಾಡಿಸಿ, ಏಕೆಂದರೆ ಆ ಸೀಟಿಯ ಸದ್ದು ಮತ್ತು ಹಕ್ಕಳೆಗೆ ಈಗಲೇ ಆರೈಕೆ ಬೇಕಾಗಿದೆ.

ನಿಮ್ಮ ಮೂಗಿಗೆ ಏನಾಗಿರಬಹುದು ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ನಮ್ಮ ಜಗಳೂರು, ಚಳ್ಳಕೆರೆ ಕಡೆಯ ಹಳೆಯ ಮಾಳಿಗೆ ಮನೆಯನ್ನು ನೆನಪಿಸಿಕೊಳ್ಳಿ. ಮೇಲೆ ಮಣ್ಣಿನ ಭಾರ, ಅದನ್ನು ಹೊರಲು ಅಡ್ಡಲಾಗಿ ಒಂದು ತೊಲೆ, ತೊಲೆಯ ತುದಿಗೆ ಆಸರೆಯಾಗಿ ಒಂದು ಕಂಬ, ತೊಲೆಯಿಂದ ಎರಡೂ ಪಕ್ಕಕ್ಕೆ ಇಳಿಬಿಟ್ಟ ಜಂತಿಗಳು. ಮೂಗಿನ ರಚನೆಯೂ ಹೆಚ್ಚುಕಡಿಮೆ ಇದೇ. ಮೇಲಿನ ಮೂರನೆಯ ಒಂದು ಭಾಗ ಗಟ್ಟಿ ಮೂಳೆ. ಅದರ ಕೆಳಗಿನದೆಲ್ಲ, ಆಸ್ಪತ್ರೆಗಳಲ್ಲಿ ಕಾರ್ಟಿಲೇಜ್ ಎನ್ನುವ ಮೃದ್ವಸ್ಥಿ. ಎರಡು ಹೊಳ್ಳೆಗಳ ನಡುವಿನ ಒಳಗೋಡೆಯ ಮೇಲಂಚು ತೊಲೆಯಂತೆ ಮೂಗಿನ ಏಣನ್ನು, ಅಂದರೆ ಮೇಲಿನ ಉದ್ದನೆಯ ದಿಂಡನ್ನು, ಹೊರುತ್ತದೆ, ಅದರ ಮುಂದಂಚು ಕಂಬದಂತೆ ತುದಿಯನ್ನು ಎತ್ತಿ ಹಿಡಿಯುತ್ತದೆ. ಸೊಟ್ಟಗಿರುವ ಒಳಗೋಡೆಯನ್ನು ನೇರ ಮಾಡುವಾಗ ನಡುವಿನ ಭಾಗವನ್ನು ತೆಗೆಯಬಹುದು, ಆದರೆ ಈ ತೊಲೆ ಮತ್ತು ಕಂಬ ಎರಡನ್ನೂ ಕನಿಷ್ಠ 10 ಮಿಲಿಮೀಟರ್ ಅಗಲಕ್ಕೆ ಉಳಿಸಬೇಕು ಎಂಬುದು ಮೂಗಿನ ಶಸ್ತ್ರವೈದ್ಯರು ಮೊದಲ ಪಾಠದಲ್ಲೇ ಕಲಿಯುವ ನಿಯಮ.

ನಿಮ್ಮಲ್ಲಿ ಒಳಗೋಡೆಯನ್ನು ನೇರಗೊಳಿಸುವುದು ಮತ್ತು ಏಣಿನ ಉಬ್ಬನ್ನು ಇಳಿಸುವುದು ಎರಡೂ ಒಂದೇ ದಿನ ನಡೆದಿವೆ. ಇದು ತಪ್ಪಲ್ಲ, ನಾವೆಲ್ಲರೂ ಮಾಡುವುದೇ. ಆದರೆ ಇಲ್ಲೊಂದು ಲೆಕ್ಕ ತಪ್ಪುವ ಸಂಭವವಿದೆ. ಉಬ್ಬಿನ ಕೆಳಭಾಗವೂ ಮೃದ್ವಸ್ಥಿಯೇ ಆದ್ದರಿಂದ, ಒಳಗೋಡೆಯಲ್ಲಿ ಮೊದಲು 10 ಮಿಲಿಮೀಟರ್ ಅಳೆದು ಉಳಿಸಿ, ಆಮೇಲೆ ಮೇಲಿನಿಂದ ಉಬ್ಬನ್ನು ಮೂರು ಮಿಲಿಮೀಟರ್ ಇಳಿಸಿದರೆ ತೊಲೆಯಲ್ಲಿ ಉಳಿಯುವುದು ಏಳೇ. ಆ ತೆಳುವಾದ ತೊಲೆ ಶಸ್ತ್ರಚಿಕಿತ್ಸೆಯ ದಿನ ನೇರವಾಗಿಯೇ ಕಾಣುತ್ತದೆ, ಬಾವು ಇರುವಷ್ಟು ದಿನ ಮೂಗು ತುಂಬಿಕೊಂಡೇ ಇರುತ್ತದೆ. ಬಾವು ಇಳಿದು, ಒಳಗಿನ ಗಾಯ ಮಾಗುತ್ತ ಎಳೆದುಕೊಳ್ಳತೊಡಗಿದ ಮೇಲೆ ತೊಲೆ ಬಾಗುತ್ತದೆ, ಏಣು ಕುದುರೆಯ ಜೀನಿನಂತೆ ತಗ್ಗಾಗುತ್ತದೆ, ತುದಿ ಮೇಲಕ್ಕೆ ಸೆಳೆದುಕೊಂಡಂತೆ ಕಾಣುತ್ತದೆ. ‘ಎರಡು ತಿಂಗಳು ಚೆನ್ನಾಗಿತ್ತು, ಆಮೇಲೆ ತಗ್ಗಾಯಿತು’ ಎಂದು ನೀವು ಬರೆದ ಒಂದೇ ಸಾಲಿನಲ್ಲಿ ಈ ಇಡೀ ಕಥೆ ಇದೆ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಕಾರಣವೂ ಇರಬಹುದು. ಮೊದಲ ವಾರದಲ್ಲಿ ಎರಡೂ ಹೊಳ್ಳೆಗಳು ಒಮ್ಮೆಗೇ ಬಿಗಿಯಾಗಿ ಕಟ್ಟಿಕೊಂಡು, ಮಿಡಿಯುವಂಥ ನೋವು ಮತ್ತು ಜ್ವರ ಬಂದಿತ್ತೇ ಎಂದು ನೆನಪು ಮಾಡಿಕೊಳ್ಳಿ. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಅದನ್ನು ಹೊದ್ದಿರುವ ಪೊರೆಯಿಂದಲೇ ಅದಕ್ಕೆ ಆಹಾರ. ಪೊರೆಯ ಒಳಗೆ ರಕ್ತ ಹೆಪ್ಪುಗಟ್ಟಿ ನಿಂತರೆ ಅಥವಾ ಅಲ್ಲಿ ಕೀವಾದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಕರಗಿಹೋಗುತ್ತದೆ. ಹೀಗಾಗಿದ್ದರೆ ಒಳಗೆ ಉಳಿದಿರುವ ಸಾಮಗ್ರಿ ಇನ್ನೂ ಕಡಿಮೆ ಎಂದು ತಿಳಿಯಬೇಕು.

ಫೋಟೋದಲ್ಲಿ ಕಾಣುವ ಆ ನೆರಳಿನ ವಿಷಯ. ಏಣಿನ ಎರಡೂ ಪಕ್ಕಕ್ಕೆ ಇಳಿಯುವ ಜಂತಿಯಂಥ ಮೃದ್ವಸ್ಥಿಗಳು ತೊಲೆಗೆ ಅಂಟಿಕೊಂಡಿರುತ್ತವೆ. ಉಬ್ಬನ್ನು ತೆಗೆದಾಗ ಆ ಬೆಸುಗೆ ಬಿಡುತ್ತದೆ, ಅದನ್ನು ಮತ್ತೆ ಸರಿಯಾಗಿ ಕಟ್ಟದಿದ್ದರೆ ಅವು ಒಳಕ್ಕೆ ಕುಸಿಯುತ್ತವೆ. ಮೂಳೆ ಮುಗಿದು ಮೃದ್ವಸ್ಥಿ ಆರಂಭವಾಗುವ ಗೆರೆ ಆಗ ತಲೆಕೆಳಗಾದ ‘ವಿ’ ಅಕ್ಷರದಂತೆ ಚರ್ಮದ ಮೇಲೆ ಎದ್ದು ಕಾಣುತ್ತದೆ. ನಿಮ್ಮ ಬಲಹೊಳ್ಳೆ ಮುಚ್ಚಿಕೊಳ್ಳುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಮೂಗಿನೊಳಗೆ ಉಸಿರಿನ ದಾರಿ ಅತ್ಯಂತ ಕಿರಿದಾಗಿರುವುದು ಈ ಜಾಗದಲ್ಲೇ. ಒಳಗೋಡೆಗೂ ಪಕ್ಕದ ಮೃದ್ವಸ್ಥಿಗೂ ನಡುವಿನ ಕೋನ ಆರೋಗ್ಯವಂತ ಮೂಗಿನಲ್ಲೂ 10ರಿಂದ 15 ಡಿಗ್ರಿ ಮಾತ್ರ. ಅದು ಇನ್ನಷ್ಟು ಕಿರಿದಾದರೆ, ನೆನೆದು ಮೆತ್ತಗಾದ ಕಾಗದದ ಸ್ಟ್ರಾದಲ್ಲಿ ಎಳನೀರು ಕುಡಿಯುವಾಗ ಎಳೆದಷ್ಟೂ ಸ್ಟ್ರಾ ಚಪ್ಪಟೆಯಾಗುವ ಹಾಗೆ, ಜೋರಾಗಿ ಉಸಿರೆಳೆದಷ್ಟೂ ಹೊಳ್ಳೆಯ ಗೋಡೆ ಒಳಕ್ಕೆ ಎಳೆದುಕೊಳ್ಳುತ್ತದೆ.

ಇದನ್ನು ನೀವೇ ಮನೆಯಲ್ಲಿ ಪರೀಕ್ಷಿಸಿ ನೋಡಬಹುದು. ಕನ್ನಡಿಯ ಮುಂದೆ ಕುಳಿತು, ಎಡಹೊಳ್ಳೆಯನ್ನು ಆಕಾರ ಕೆಡದಂತೆ ಹೆಬ್ಬೆರಳಿನಿಂದ ಮೆಲ್ಲಗೆ ಮುಚ್ಚಿ, ಬಲಗಡೆಯಿಂದ ಸಹಜವಾಗಿ ಉಸಿರೆಳೆಯಿರಿ. ಬಳಿಕ ಬಲಗೆನ್ನೆಯ ಮೇಲೆ, ಮೂಗಿನ ಪಕ್ಕದಲ್ಲೇ ಎರಡು ಬೆರಳಿಟ್ಟು ಚರ್ಮವನ್ನು ಕಿವಿಯ ಕಡೆಗೆ ತುಸುವೇ ಎಳೆದು ಹಿಡಿದು ಮತ್ತೆ ಉಸಿರೆಳೆಯಿರಿ. ಬಾಗಿಲು ತೆರೆದಂತೆ ಗಾಳಿ ಸರಾಗವಾಗಿ ಬಂದರೆ ತೊಂದರೆ ಗೋಡೆಯ ಕುಸಿತದಲ್ಲಿದೆ ಎಂಬುದಕ್ಕೆ ಅದೊಂದು ಸೂಚನೆ. ಆರೋಗ್ಯವಂತರಿಗೂ ಹೀಗೆ ಎಳೆದಾಗ ಉಸಿರು ತುಸು ಹಗುರವಾಗುವುದುಂಟು, ಹಾಗಾಗಿ ಇದೊಂದನ್ನೇ ನಂಬಬಾರದು. ನಾವು ಚಿಕಿತ್ಸಾಲಯದಲ್ಲಿ ತೆಳುವಾದ ಕಡ್ಡಿಯೊಂದನ್ನು ಹೊಳ್ಳೆಯೊಳಗಿಟ್ಟು ಗೋಡೆಯನ್ನು ನಿರ್ದಿಷ್ಟ ಜಾಗದಲ್ಲಿ ಎತ್ತಿ ನೋಡಿ, ಕುಸಿತ ಎಲ್ಲಿದೆ ಎಂದು ಗುರುತು ಮಾಡಿಕೊಳ್ಳುತ್ತೇವೆ.

ಸೀಟಿಯ ಸದ್ದು ಬೇರೆಯೇ ಮಾತು. ಒಳಗೋಡೆಯ ಎರಡೂ ಬದಿಯ ಪೊರೆ ಒಂದೇ ಜಾಗದಲ್ಲಿ ಹರಿದು, ನಡುವೆ ಮೃದ್ವಸ್ಥಿಯೂ ಇಲ್ಲದಿದ್ದರೆ ಅಲ್ಲೊಂದು ರಂಧ್ರ ಉಳಿದುಬಿಡುತ್ತದೆ. ರಂಧ್ರ ದೊಡ್ಡದಾಗಿದ್ದರೆ ಹಕ್ಕಳೆ ಮತ್ತು ರಕ್ತದ ತೊಂದರೆ ಹೆಚ್ಚು, ಚಿಕ್ಕದಾಗಿದ್ದರೆ ಕೊಳಲಿನ ತೂತಿನಂತೆ ಸದ್ದು ಮಾಡುತ್ತದೆ. ನಿಮ್ಮಲ್ಲಿ ರಂಧ್ರವಿದೆ ಎಂದು ನಾನು ಇಲ್ಲಿ ಕುಳಿತು ತೀರ್ಮಾನಿಸುತ್ತಿಲ್ಲ, ಆದರೆ ಅದಿದೆಯೇ ಎಂದು ನೋಡುವುದಕ್ಕೆ ಐದು ನಿಮಿಷದ ಎಂಡೋಸ್ಕೋಪಿ ಸಾಕು. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ, ಚಿತ್ರದುರ್ಗದಲ್ಲೂ ಇದೆ. ಈ ಪರೀಕ್ಷೆಗೂ ಸಿ.ಟಿ. ಸ್ಕ್ಯಾನಿಗೂ ನೀವು ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ರಂಧ್ರವಿದ್ದರೆ ಮುಂದಿನ ಶಸ್ತ್ರಚಿಕಿತ್ಸೆಯ ಯೋಜನೆಯೇ ಬದಲಾಗುತ್ತದೆ, ಆದ್ದರಿಂದ ಇದನ್ನು ತಿಳಿಯದೆ ಯಾರಾದರೂ ದಿನಾಂಕ ಗೊತ್ತುಮಾಡಿದರೆ ಒಪ್ಪಬೇಡಿ.

ಹಾಗೆಯೇ, ಉಸಿರು ಕಟ್ಟುವುದೆಲ್ಲವೂ ರಚನೆಯ ದೋಷದಿಂದಲೇ ಎಂದುಕೊಳ್ಳುವುದೂ ಸರಿಯಲ್ಲ. ನಮ್ಮ ಕಡೆ ಮೆಕ್ಕೆಜೋಳದ ರಾಶಿ ಮಾಡುವ ಹಂಗಾಮು, ಭತ್ತದ ಗಿರಣಿಗಳ ಧೂಳು, ಮಂಡಕ್ಕಿ ಭಟ್ಟಿಯ ಹೊಗೆ, ದುರ್ಗದ ಒಣಗಾಳಿ, ಹೊಲದ ಬದುವಿನ ಪಾರ್ಥೇನಿಯಂ, ಅದರ ಮೇಲೆ ನಿಮ್ಮ ಕೆಲಸದ ಸೀಮೆಸುಣ್ಣದ ಪುಡಿ, ಇವೆಲ್ಲ ಸೇರಿ ಅಲರ್ಜಿಯ ನೆಗಡಿ ಬಹಳ ಜನರಲ್ಲಿದೆ. ಅಲರ್ಜಿಯಿಂದ ಒಳಗಿನ ಪೊರೆ ಊದಿಕೊಂಡಿದ್ದರೆ ಎಷ್ಟು ಚೆಂದದ ಶಸ್ತ್ರಚಿಕಿತ್ಸೆ ಮಾಡಿದರೂ ಉಸಿರು ಹಗುರಾಗುವುದಿಲ್ಲ, ರೋಗಿ ಎರಡನೆಯ ಸಲವೂ ಮೋಸಹೋದೆ ಎಂದು ಕೊರಗುತ್ತಾರೆ. ಅದಕ್ಕಾಗಿ ಮೊದಲು ವೈದ್ಯರ ಸಲಹೆಯಂತೆ ಆರೆಂಟು ವಾರ ಸ್ಟೀರಾಯ್ಡ್ ಸ್ಪ್ರೇ ಬಳಸಿ, ಎಷ್ಟು ಅಡಚಣೆ ಅದರಿಂದ ಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂದು ನೋಡಬೇಕು. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಹಾಕಿದ ಕೂಡಲೇ ಮೂಗು ಬಿಡಿಸುವ ಹನಿಗಳನ್ನು ನೀವು ಬಳಸುತ್ತಿದ್ದರೆ ದಯವಿಟ್ಟು ವೈದ್ಯರಿಗೆ ಹೇಳಿ ಬಿಡುವ ದಾರಿ ಕೇಳಿಕೊಳ್ಳಿ. ಕೆಲವೇ ದಿನಗಳಿಗಿಂತ ಹೆಚ್ಚು ಬಳಸಿದರೆ ಆ ಹನಿಗಳೇ ಮೂಗು ಕಟ್ಟಿಸುತ್ತವೆ.

ಈಗ ಕಾಯುವುದೇಕೆ ಎಂಬ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನಿಮ್ಮ ಮನೆಯವರು ಕೇಳುವುದು ಇದನ್ನೇ. ಚರ್ಮದ ಕೆಳಗಿನ ಬಾವು ಮೊದಲ ತಿಂಗಳಲ್ಲಿ ಬಹುಪಾಲು ಇಳಿದರೂ ಉಳಿದದ್ದು ಇಳಿಯಲು ಒಂದು ವರ್ಷವೇ ಬೇಕು. ನಮ್ಮ ಜನರಲ್ಲಿ ಸಾಮಾನ್ಯವಾಗಿರುವ ದಪ್ಪ ಚರ್ಮದ ಮೂಗಿನ ತುದಿಯಲ್ಲಿ ಒಂದೂವರೆ ವರ್ಷದವರೆಗೂ ಬದಲಾವಣೆ ನಡೆದೇ ಇರುತ್ತದೆ. ಈ ಅವಧಿಯಲ್ಲಿ ಗಾಯದ ಅಂಗಾಂಶ ಕೆಂಪಾಗಿ, ಗಟ್ಟಿಯಾಗಿ, ರಕ್ತ ತುಂಬಿಕೊಂಡಿರುತ್ತದೆ. ಆಗ ಬಿಡಿಸಲು ಹೋದರೆ ಪದರಗಳು ಒಂದಕ್ಕೊಂದು ಅಂಟಿಕೊಂಡು ಹರಿಯುತ್ತವೆ, ಚರ್ಮದ ರಕ್ತ ಸಂಚಾರಕ್ಕೆ ಪೆಟ್ಟು ಬೀಳುತ್ತದೆ. ಅಲ್ಲದೆ, ನಾಳೆ ಇನ್ನೂ ಎರಡು ಮಿಲಿಮೀಟರ್ ತಗ್ಗಲಿರುವ ಮೂಗಿಗೆ ಇಂದಿನ ಅಳತೆಯಲ್ಲಿ ತುಂಡು ಕೂರಿಸಿದರೆ ಅಳತೆಯೇ ತಪ್ಪುತ್ತದೆ.

ಇದನ್ನು ನಾನು ನನ್ನ ತಪ್ಪಿನಿಂದಲೇ ಕಲಿತವನು. ವೃತ್ತಿಯ ಆರಂಭದ ವರ್ಷಗಳಲ್ಲಿ, ಬೇರೆ ಕಡೆ ಒಮ್ಮೆ ಶಸ್ತ್ರಚಿಕಿತ್ಸೆಯಾಗಿದ್ದ ಯುವತಿಯೊಬ್ಬರನ್ನು ಅವರ ತಂದೆ ತಾಯಿ ಕರೆತಂದರು; ಲಗ್ನಪತ್ರಿಕೆ ಅಚ್ಚಾಗಿತ್ತು, ಮೊದಲ ಶಸ್ತ್ರಚಿಕಿತ್ಸೆಯಾಗಿ ಐದೇ ತಿಂಗಳಾಗಿತ್ತು. ಅವರ ಕಣ್ಣೀರಿಗೆ ಕರಗಿ ಒಪ್ಪಿಕೊಂಡೆ. ಮದುವೆಯ ದಿನ ಮೂಗು ಚೆನ್ನಾಗಿಯೇ ಇತ್ತು. ಆದರೆ ಏಳೆಂಟು ತಿಂಗಳ ನಂತರ ಅವರು ಮತ್ತೆ ಬಂದಾಗ, ಕಿಟಕಿಯ ಬೆಳಕಿಗೆ ಮುಖ ತಿರುಗಿಸಿದ ಕೂಡಲೇ ನಾನು ಇಟ್ಟ ತುಂಡಿನ ಅಂಚು ತೆಳುವಾದ ಚರ್ಮದ ಕೆಳಗೆ ಗೆರೆಯಂತೆ ಕಂಡಿತು. ಬೆರಳಿಟ್ಟರೆ ಉಗುರಿಗೆ ತಾಗುವಷ್ಟು. ಒಂದು ವರ್ಷ ಕಾದಿದ್ದರೆ ಎರಡರಲ್ಲಿ ಮುಗಿಯುತ್ತಿದ್ದದ್ದು ಅವರಿಗೆ ಮೂರು ಶಸ್ತ್ರಚಿಕಿತ್ಸೆಯಾಯಿತು. ಅಂದಿನಿಂದ ನಾನು ಯಾರ ಮುಹೂರ್ತಕ್ಕೂ ಮೂಗಿನ ದಿನಾಂಕ ಹೊಂದಿಸಿಲ್ಲ. ನಿಮ್ಮ ಹಿರಿಯರಿಗೆ ಈ ಮಾತನ್ನು ಓದಿ ಹೇಳಿ.

ಫಿಲ್ಲರ್ ಬೇಡ ಎಂದು ಇಷ್ಟು ಕಟುವಾಗಿ ಹೇಳಲು ಕಾರಣವಿದೆ. ಮೂಗಿನ ರಕ್ತನಾಳಗಳು ಕಣ್ಣಿನ ರಕ್ತನಾಳಗಳೊಡನೆ ಕೂಡಿಕೊಂಡಿವೆ. ಸೂಜಿಯಿಂದ ಒತ್ತಿದ ಜೆಲ್ ಅಕಸ್ಮಾತ್ ನಾಳದೊಳಗೆ ಹೋದರೆ ಮೂಗಿನ ಚರ್ಮ ಕಪ್ಪಾಗಿ ಸಾಯಬಹುದು, ಅಪರೂಪಕ್ಕೆ ಒಂದು ಕಣ್ಣಿನ ದೃಷ್ಟಿಯೇ ಹೋಗಬಹುದು, ಹೋದ ದೃಷ್ಟಿ ಮರಳುವುದು ಬಹಳ ಕಷ್ಟ. ಶಸ್ತ್ರಚಿಕಿತ್ಸೆ ಆಗಿರದ ಮೂಗಿನಲ್ಲೂ ಈ ಅಪಾಯವಿದೆ; ನಿಮ್ಮಂತೆ ಆಗಿರುವ ಮೂಗಿನಲ್ಲಿ ನಾಳಗಳು ತಮ್ಮ ಸಹಜ ಜಾಗದಲ್ಲಿರುವುದಿಲ್ಲ, ಗಾಯದ ಗಂಟಿನಲ್ಲಿ ಸಿಕ್ಕಿಹಾಕಿಕೊಂಡಿರುತ್ತವೆ, ಸೂಜಿ ತಾಗಿದಾಗ ಸರಿದು ತಪ್ಪಿಸಿಕೊಳ್ಳಲು ಅವಕ್ಕೆ ಜಾಗವಿರುವುದಿಲ್ಲ. ಇಷ್ಟರ ಮೇಲೆ ಫಿಲ್ಲರ್ ತಗ್ಗನ್ನು ಮುಚ್ಚೀತೇ ಹೊರತು ಉಸಿರಿನ ದಾರಿಯನ್ನು ಎತ್ತಿ ಹಿಡಿಯಲಾರದು, ನಾಲ್ಕಾರು ತಿಂಗಳಿಂದ ಒಂದೂವರೆ ವರ್ಷದೊಳಗೆ ಕರಗಿಯೂ ಹೋಗುತ್ತದೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಇನ್ನು ಪಕ್ಕೆಲುಬು. ಎರಡನೆಯ ಶಸ್ತ್ರಚಿಕಿತ್ಸೆ ಎಂದರೆ ಉಳಿದದ್ದನ್ನು ಇನ್ನಷ್ಟು ಕೆರೆದು ತಿದ್ದುವುದು ಎಂದು ಬಹಳ ಜನ ತಿಳಿದಿದ್ದಾರೆ. ನಿಮ್ಮಂಥವರಲ್ಲಿ ಅದು ಪೂರ್ತಿ ತಿರುಗಾಮುರುಗಾ: ಮೊದಲ ಸಲ ಹೆಚ್ಚಾಗಿ ಹೋದದ್ದನ್ನು ಈಗ ತಂದು ತುಂಬಬೇಕು, ಬಿದ್ದ ತೊಲೆಯನ್ನು ಮತ್ತೆ ಏರಿಸಬೇಕು. ಏರಿಸಲು ಮರ ಎಲ್ಲಿಂದ ತರುವುದು ಎಂಬುದೇ ಈ ಶಸ್ತ್ರಚಿಕಿತ್ಸೆಯ ದೊಡ್ಡ ಪ್ರಶ್ನೆ. ಒಳಗೋಡೆಯಲ್ಲಿ ಇನ್ನೂ ಉಳಿದಿದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು, ನೇರವಾಗಿದೆ, ಅದೇ ಗಾಯದಲ್ಲೇ ಸಿಗುತ್ತದೆ. ಆದರೆ ನಿಮ್ಮಲ್ಲಿ ಅದು ಬಹುತೇಕ ಖಾಲಿಯಾಗಿರಬಹುದು. ಎರಡನೆಯ ಮೂಲ ಕಿವಿಯ ಬಟ್ಟಲು. ಅಲ್ಲಿಂದ ತೆಗೆದರೆ ಕಿವಿಯ ಆಕಾರ ಕೆಡುವುದಿಲ್ಲ, ಗಾಯವೂ ಕಿವಿಯ ಹಿಂದೆ ಅಡಗುತ್ತದೆ, ಆದರೆ ಅದು ಸ್ವಭಾವತಃ ಬಾಗಿದ್ದು, ಮೆತ್ತಗಿರುವುದರಿಂದ ತುದಿಗೆ, ಹೊಳ್ಳೆಯ ಅಂಚಿಗೆ ಚೆನ್ನಾಗಿ ಒದಗುತ್ತದೆಯೇ ಹೊರತು ಏಣಿನ ಭಾರ ಹೊರುವ ತೊಲೆಯಾಗಲಾರದು. ಉಳಿದದ್ದು ಪಕ್ಕೆಲುಬಿನ ಮುಂತುದಿಯ ಮೃದ್ವಸ್ಥಿ. ಗಮನಿಸಿ, ಪಕ್ಕೆಲುಬಿನ ಗಟ್ಟಿ ಮೂಳೆಯನ್ನು ತೆಗೆಯುವುದಿಲ್ಲ. ಎದೆಯ ಮೂಳೆಯ ಕಡೆಗಿರುವ ಮೃದುವಾದ ಭಾಗದಿಂದ, ಸಾಮಾನ್ಯವಾಗಿ ಆರನೆಯ ಅಥವಾ ಏಳನೆಯ ಪಕ್ಕೆಲುಬಿನಿಂದ, ಕೆಲವು ಸೆಂಟಿಮೀಟರ್ ಉದ್ದದ ತುಂಡು ತೆಗೆಯುತ್ತಾರೆ. ಹೆಂಗಸರಲ್ಲಿ ಕೊಯ್ತವನ್ನು ಸ್ತನದ ಕೆಳಗಿನ ಮಡಿಕೆಯಲ್ಲಿ ಇಡುವುದರಿಂದ ಕಲೆ ಹೊರಗೆ ಕಾಣುವುದಿಲ್ಲ. ವಾರ ಹತ್ತು ದಿನ ಕೆಮ್ಮಿದರೆ, ನಕ್ಕರೆ ನೋಯುತ್ತದೆ. ಶ್ವಾಸಕೋಶವನ್ನು ಹೊದ್ದ ಪೊರೆಗೆ ತೂತು ಬೀಳುವ ಅಪಾಯ ಕಡಿಮೆಯೇ ಆದರೂ ಇಲ್ಲವೆನ್ನಲಾಗದು. ಅದಕ್ಕಾಗಿಯೇ ತುಂಡು ತೆಗೆದ ಗುಳಿಯಲ್ಲಿ ಉಪ್ಪುನೀರು ತುಂಬಿ, ಅರಿವಳಿಕೆ ವೈದ್ಯರಿಂದ ಶ್ವಾಸಕೋಶ ಹಿಗ್ಗಿಸಿ, ಗುಳ್ಳೆ ಏಳುತ್ತದೆಯೇ ಎಂದು ನೋಡಿಯೇ ಹೊಲಿಗೆ ಹಾಕುತ್ತಾರೆ. ವಯಸ್ಸಾದಂತೆ ಈ ಮೃದ್ವಸ್ಥಿ ಸುಣ್ಣಗಟ್ಟಿ ಒರಟಾಗುತ್ತದೆ, ಕೆತ್ತಿದರೆ ಸಿಗಿಯುತ್ತದೆ. ನಿಮ್ಮ ವಯಸ್ಸಿನಲ್ಲಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ.

ಪಕ್ಕೆಲುಬಿನ ಮೃದ್ವಸ್ಥಿಗೆ ಒಂದು ಹಠಮಾರಿ ಗುಣವಿದೆ, ಅದು ಬಾಗುತ್ತದೆ. ಅದರ ಹೊರಪದರಕ್ಕೂ ತಿರುಳಿಗೂ ಒಳಗೊಳಗೇ ಎಳೆದಾಟವಿರುತ್ತದೆ. ಒಂದೇ ಕಡೆಯಿಂದ ಕೆತ್ತಿದರೆ ತೂಕ ತಪ್ಪಿ ಇನ್ನೊಂದು ಕಡೆಗೆ ಬಾಗುತ್ತದೆ. ಎರಡೂ ಕಡೆಯಿಂದ ಸಮನಾಗಿ ಕೆತ್ತಿ ತಿರುಳನ್ನು ಬಳಸಿದರೆ ಬಾಗುವುದು ಕಡಿಮೆಯಾಗುತ್ತದೆ ಎಂದು ಗಿಬ್ಸನ್ ಮತ್ತು ಡೇವಿಸ್ 1958ರಲ್ಲೇ ತೋರಿಸಿದರು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಾವು ಹೋಳು ಮಾಡಿದ ಪಟ್ಟಿಗಳನ್ನು ಉಪ್ಪುನೀರಿನ ಸ್ಟೀಲ್ ಬಟ್ಟಲಿನಲ್ಲಿ ಹಾಕಿಟ್ಟು, ಅತ್ತ ಮೂಗನ್ನು ಬಿಡಿಸುವ ಕೆಲಸ ಮುಂದುವರಿಸುತ್ತೇವೆ. ಅರ್ಧ ಗಂಟೆ ಕಳೆದು ನೋಡಿದರೆ, ಹಾಕುವಾಗ ಅಡಿಕೋಲಿನಂತೆ ನೇರವಾಗಿದ್ದ ಪಟ್ಟಿಗಳಲ್ಲಿ ಒಂದೆರಡು ಚಂದ್ರನ ಕಲೆಯಂತೆ ಬಾಗಿರುತ್ತವೆ, ಒಂದೆರಡು ಹಾಗೆಯೇ ಇರುತ್ತವೆ. ನೇರವಾಗಿ ಉಳಿದದ್ದು ಮೂಗಿನ ಏಣಿಗೆ. ಬಾಗಿದ್ದನ್ನು ಅದರ ಬಾಗಿಗೆ ತಕ್ಕ ಜಾಗಕ್ಕೆ. ಆ ಅರ್ಧ ಗಂಟೆಯ ತಾಳ್ಮೆಯನ್ನು ಉಳಿಸಲು ಹೋದವರ ಕೆಲಸ ಆರು ತಿಂಗಳಲ್ಲಿ ಸೊಟ್ಟಗಾಗುವುದನ್ನು ನೋಡಿದ್ದೇನೆ.

ಸಿಲಿಕೋನ್ ತುಂಡು ಇಟ್ಟರೆ ಇಷ್ಟೆಲ್ಲ ಇಲ್ಲವಲ್ಲ ಎಂದು ನಿಮಗೆ ಯಾರಾದರೂ ಹೇಳಬಹುದು. ಮೊದಲೇ ಗಾಯವಾಗಿ, ಚರ್ಮ ತೆಳುವಾಗಿ, ಪ್ರಾಯಶಃ ರಂಧ್ರವೂ ಇರುವ ಮೂಗಿನಲ್ಲಿ ಹೊರಗಿನ ವಸ್ತು ಸೋಂಕಿಗೆ ತುತ್ತಾಗುವ, ವರ್ಷಗಳ ಬಳಿಕವೂ ಚರ್ಮ ಕೊರೆದು ಹೊರಬರುವ ಸಾಧ್ಯತೆ ಹೆಚ್ಚು. ನಿಮ್ಮದೇ ದೇಹದ ವಸ್ತುವನ್ನೇ ನಾನು ಆರಿಸುತ್ತೇನೆ.

ದೇಹದ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡುವುದೆಂದರೆ ನಿಮಗೆ ಅಳುಕಾಗಿದೆ ಎಂದು ಪತ್ರದಿಂದ ತಿಳಿಯುತ್ತದೆ. ಆ ಉಪಾಯ ನಮ್ಮ ನೆಲಕ್ಕೆ ಹೊಸದಲ್ಲ. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಟಿಪ್ಪು ಸುಲ್ತಾನನಿಗೂ ಇಂಗ್ಲಿಷರಿಗೂ ನಡೆದ 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬಾತ ಸೆರೆಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡ; ಸುಮಾರು ಒಂದು ವರ್ಷದ ನಂತರ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬ ಮೇಣದ ತೆಳುವಾದ ಹಾಳೆಯನ್ನು ಮೂಗಿನ ಅಳತೆಗೆ ಒತ್ತಿ, ಅದನ್ನು ಬಿಡಿಸಿ ಹಣೆಯ ಮೇಲಿಟ್ಟು ಗೆರೆ ಎಳೆದು, ಹಣೆಯ ಚರ್ಮವನ್ನೇ ತಿರುಗಿಸಿ ಮೂಗು ಕಟ್ಟಿದ. ಲಂಡನ್ನಿನ ಪತ್ರಿಕೆಯೊಂದು 1794ರಲ್ಲಿ ಅದನ್ನು ಅಚ್ಚುಮಾಡಿತು, ಅದನ್ನು ಓದಿ ತಿಳಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು 1814ರಲ್ಲಿ ಅಲ್ಲಿ ಅದನ್ನೇ ಮಾಡಿ ತೋರಿಸಿದರು. ಹಣೆಯ ಚರ್ಮದಿಂದ ಮೂಗು ಕಟ್ಟುವ ಆ ಕ್ರಮ ಇಂದಿಗೂ ಬಳಕೆಯಲ್ಲಿದೆ.

ಶಸ್ತ್ರಚಿಕಿತ್ಸೆ ಹೇಗಿರುತ್ತದೆ ಎಂದರೆ, ಪೂರ್ಣ ಅರಿವಳಿಕೆಯಲ್ಲಿ ಮೂರರಿಂದ ಐದು ಗಂಟೆ. ಎರಡೂ ಹೊಳ್ಳೆಗಳ ನಡುವಿನ ಸಣ್ಣ ಕಂಬದಂಥ ಚರ್ಮಕ್ಕೆ ಅಡ್ಡಲಾಗಿ ಚಿಕ್ಕ ಕೊಯ್ತ ಹಾಕಿ ಚರ್ಮವನ್ನು ಮೇಲೆತ್ತಿ, ಒಳಗಿನದೆಲ್ಲವನ್ನೂ ಕಣ್ಣಾರೆ ನೋಡಿಯೇ ಕೆಲಸ ಮಾಡುತ್ತಾರೆ. ಆ ಕಲೆ ವರ್ಷದೊಳಗೆ ಹುಡುಕಿದರೂ ಸಿಗದಷ್ಟು ಮಾಸುತ್ತದೆ, ಆದರೆ ಕಿವಿ ಚುಚ್ಚಿಸಿದಾಗ ಅಥವಾ ಬೇರೆ ಗಾಯವಾದಾಗ ನಿಮಗೆ ಗಂಟುಗಲೆ, ಅಂದರೆ ಗಟ್ಟಿಯಾಗಿ ಉಬ್ಬುವ ಕಲೆ, ಬೆಳೆದದ್ದಿದ್ದರೆ ಮೊದಲೇ ತಿಳಿಸಬೇಕು. ಕುಸಿದ ಪಕ್ಕದ ಗೋಡೆಗೂ ಒಳಗೋಡೆಗೂ ನಡುವೆ ಬೆಣೆಯಂತೆ ಉದ್ದನೆಯ ಪಟ್ಟಿಗಳನ್ನು ಕೂರಿಸಿ ದಾರಿ ಅಗಲ ಮಾಡುತ್ತಾರೆ. ಅಮೆರಿಕದ ಶಸ್ತ್ರವೈದ್ಯ ಶೀನ್ 1984ರಲ್ಲಿ ವಿವರಿಸಿದ ಈ ವಿಧಾನ ಉಸಿರನ್ನೂ ಆ ‘ವಿ’ ನೆರಳನ್ನೂ ಒಟ್ಟಿಗೆ ಸರಿಪಡಿಸುತ್ತದೆ. ಮೂಗಿನ ಮೇಲೆ ಹೊರಗಡೆ ಆಸರೆಗೆ ಕಟ್ಟಿದ ಪಟ್ಟಿಯನ್ನು ಸುಮಾರು ಒಂದು ವಾರಕ್ಕೆ ತೆಗೆಯುತ್ತಾರೆ, ಕಣ್ಣಿನ ಸುತ್ತಲಿನ ಕಪ್ಪು ಎರಡು ವಾರದಲ್ಲಿ ಹೋಗುತ್ತದೆ, ನೀವು ಮೂರನೆಯ ವಾರ ಶಾಲೆಗೆ ಹೋಗಬಹುದು. ಕನ್ನಡಕವಿದ್ದರೆ ತಿಂಗಳೊಪ್ಪತ್ತು ಏಣಿನ ಮೇಲೆ ಕೂರಿಸುವಂತಿಲ್ಲ.

ನಿಮ್ಮ ಭಯಕ್ಕೆ ಉತ್ತರ ಹೇಳಬೇಕಲ್ಲ. ಇರುವುದೂ ಕೆಡಬಹುದೇ? ಕೆಡಬಹುದು, ಅದನ್ನು ಮುಚ್ಚಿಡುವ ವೈದ್ಯರಿಂದ ದೂರವಿರಿ. ಮೊದಲ ಬಾರಿಯ ಮೂಗಿನ ಶಸ್ತ್ರಚಿಕಿತ್ಸೆಗಳಲ್ಲೇ 100ಕ್ಕೆ 5ರಿಂದ 15 ಜನರಿಗೆ ಮತ್ತೊಂದು ಬೇಕಾಗುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಎರಡನೆಯದರಲ್ಲಿ ಅಂಗಾಂಶ ಗಡುಸಾಗಿರುವುದರಿಂದ ಅದಕ್ಕಿಂತ ಕಡಿಮೆ ಎಂದು ಯಾರೂ ಮಾತು ಕೊಡಲಾರರು. ಸೋಂಕು, ತುಂಡು ಬಾಗುವುದು, ಒಂದಿಷ್ಟು ಕರಗುವುದು, ಚರ್ಮಕ್ಕೆ ಹಾನಿ, ತುದಿ ಮೊದಲಿಗಿಂತ ಗಡುಸಾಗುವುದು, ಇವೆಲ್ಲ ಇರುವ ಅಪಾಯಗಳೇ. ರಂಧ್ರವನ್ನು ಅದೇ ಸಲ ಮುಚ್ಚಲು ಹೋದರೂ ಅದು ಪೂರ್ತಿ ಮುಚ್ಚದೆ ಉಳಿಯಬಹುದು. ಆದರೆ ನಿಮ್ಮಂತೆ ಉಸಿರಿನ ಅಡಚಣೆ ಕಣ್ಣಿಗೆ ಕಾಣುವಂತಿರುವ, ಕೊರತೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದಾದ ಮೂಗಿನಲ್ಲಿ ಪ್ರಯೋಜನದ ತೂಕವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಬರೀ ಅರ್ಧ ಮಿಲಿಮೀಟರಿನ ಅಸಮಾನತೆಗೆ, ಉಸಿರು ಚೆನ್ನಾಗಿಯೇ ಇದ್ದು, ದಿನಕ್ಕೆ ಹತ್ತು ಸಲ ಕನ್ನಡಿ ನೋಡಿ ನೊಂದು ಬರುವವರಿಗೆ ನಾನು ಬೇಡ ಎನ್ನುತ್ತೇನೆ, ಅಂಥವರಿಗೆ ಮೊದಲು ಮನೋವೈದ್ಯರ ನೆರವೇ ಹೆಚ್ಚು ಒದಗುತ್ತದೆ. ನೀವು ಆ ಸಾಲಿನವರಲ್ಲ.

ಎಲ್ಲಿ ಮಾಡಿಸುವುದು ಎಂದು ನೀವು ಕೇಳಿಲ್ಲ, ಆದರೆ ಅದು ಮುಂದಿನ ಪ್ರಶ್ನೆ. ಕಿವಿ ಮೂಗು ಗಂಟಲು ತಜ್ಞರೂ ಪ್ಲಾಸ್ಟಿಕ್ ಸರ್ಜನ್ನರೂ ಇಬ್ಬರೂ ಇದನ್ನು ಮಾಡುತ್ತಾರೆ. ಪದವಿಗಿಂತ ಕೇಳಬೇಕಾದದ್ದು, ಒಮ್ಮೆ ಶಸ್ತ್ರಚಿಕಿತ್ಸೆಯಾದ ಮೂಗುಗಳನ್ನು ಅವರು ಎಷ್ಟು ಬಾರಿ ಮಾಡುತ್ತಾರೆ, ಪಕ್ಕೆಲುಬಿನ ತುಂಡು ತೆಗೆಯುವ ಅಭ್ಯಾಸ ಅವರಿಗಿದೆಯೇ, ಒಂದು ವರ್ಷ ಕಳೆದ ನಂತರದ ಫೋಟೋಗಳನ್ನು ತೋರಿಸುತ್ತಾರೆಯೇ ಎಂದು. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಅಲ್ಲೇ ಮಾಡಿಸುವುದಾದರೆ ಮೊದಲ ಹತ್ತು ದಿನ ಅಲ್ಲೇ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ, ಮುಂದಿನ ವರ್ಷವಿಡೀ ನೋಡಿಕೊಳ್ಳಲು ಹತ್ತಿರದ ವೈದ್ಯರೊಬ್ಬರನ್ನೂ ಗೊತ್ತುಮಾಡಿಕೊಳ್ಳಿ.

ಅದಕ್ಕೂ ಮುಂಚೆ ಮೊದಲ ಆಸ್ಪತ್ರೆಗೆ ಒಂದು ಲಿಖಿತ ಅರ್ಜಿ ಕೊಡಿ. ಡಿಸ್ಚಾರ್ಜ್ ಕಾರ್ಡ್ ಸಾಲದು, ಶಸ್ತ್ರಚಿಕಿತ್ಸೆಯ ಪೂರ್ಣ ಟಿಪ್ಪಣಿ ಬೇಕು: ಎಷ್ಟು ಮೃದ್ವಸ್ಥಿ ತೆಗೆದರು, ಎಷ್ಟು ಉಳಿಸಿದರು, ಮೂಳೆ ಎಲ್ಲಿ ಕತ್ತರಿಸಿದರು, ಏನನ್ನಾದರೂ ಒಳಗಿಟ್ಟರೇ ಎಂಬುದು ಅದರಲ್ಲಿರುತ್ತದೆ. ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು 3 ವರ್ಷ ಇಟ್ಟುಕೊಂಡಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಜಗಳಕ್ಕಾಗಿ ಕೇಳುತ್ತಿದ್ದೀರಿ ಎಂಬ ಅಂಜಿಕೆ ಬೇಡ, ಮುಂದಿನ ವೈದ್ಯರಿಗೆ ಅದು ಹಳೆಯ ಮನೆಯ ನಕ್ಷೆ ಇದ್ದ ಹಾಗೆ. ವಿಮೆ ಇದ್ದರೆ, ಅಂದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ಪಾಲಿಸಿಗಳು ಹಣ ಕೊಡುವುದಿಲ್ಲ, ಆದರೆ ಆರೋಗ್ಯಕ್ಕೆ ಅಗತ್ಯ ಎಂದು ವೈದ್ಯರು ದೃಢೀಕರಿಸಿದ್ದಕ್ಕೆ ಅವಕಾಶವಿದೆ. ಉಸಿರಿನ ಅಡಚಣೆಯ ಎಂಡೋಸ್ಕೋಪಿ ಚಿತ್ರ ಮತ್ತು ಸ್ಕ್ಯಾನ್ ವರದಿಯನ್ನು ಜೋಪಾನ ಮಾಡಿ, ಮೊದಲೇ ಅನುಮತಿ ಕೇಳಿ.

ಅಲ್ಲಿಯವರೆಗೆ ಮಾಡಬೇಕಾದದ್ದು ಇಷ್ಟು. ಕುದಿಸಿ ಆರಿಸಿದ ಒಂದು ಲೋಟ, ಅಂದರೆ ಸುಮಾರು 250 ಮಿಲಿಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು, ಚಿಟಿಕೆ ಅಡಿಗೆ ಸೋಡಾ ಹಾಕಿ ದಿನಕ್ಕೆ ಎರಡು ಸಲ, ಶಾಲೆಯಿಂದ ಬಂದ ಕೂಡಲೇ ಒಮ್ಮೆ ಮತ್ತು ಮಲಗುವ ಮುಂಚೆ ಒಮ್ಮೆ, ಮೂಗು ತೊಳೆಯಿರಿ. ನಲ್ಲಿಯ ಅಥವಾ ಬೋರ್‌ವೆಲ್‌ನ ನೀರನ್ನು ಕುದಿಸದೆ ಬಳಸಬೇಡಿ. ಹಕ್ಕಳೆಯನ್ನು ಬೆರಳಿನಿಂದ ಕೀಳಬೇಡಿ, ರಂಧ್ರವಿದ್ದರೆ ಅದು ದೊಡ್ಡದಾಗುವುದು ಹೀಗೆಯೇ. ವೈದ್ಯರು ಹೇಳಿದ ಮುಲಾಮು ಸವರಿ ಮೆತ್ತಗಾಗಲು ಬಿಡಿ. ಬೋರ್ಡ್ ಒರೆಸುವಾಗ ಒದ್ದೆ ಬಟ್ಟೆ ಬಳಸಿ. ಪ್ರತಿ ತಿಂಗಳ ಒಂದೇ ದಿನ, ಅದೇ ಕಿಟಕಿಯ ಬೆಳಕಿನಲ್ಲಿ, ನೇರ, ಎಡ, ಬಲ, ಕೆಳಗಿನಿಂದ ಹೀಗೆ ನಾಲ್ಕು ಫೋಟೋ ತೆಗೆದಿಡಿ. ಸತತ ಮೂರು ತಿಂಗಳ ಫೋಟೋಗಳಲ್ಲಿ ವ್ಯತ್ಯಾಸ ಕಾಣದಾದಾಗ, ಒಂದು ವರ್ಷವೂ ತುಂಬಿದ್ದಾಗ, ಅವುಗಳ ಜೊತೆಗೆ ಹಳೆಯ ಟಿಪ್ಪಣಿ ಮತ್ತು ಸ್ಕ್ಯಾನ್ ಹಿಡಿದು ನಿಮ್ಮ ಶಸ್ತ್ರವೈದ್ಯರ ಮುಂದೆ ಕುಳಿತು ದಿನಾಂಕದ ಮಾತಾಡಿ.